ಸೈಟೇಶನ್ ಎಷ್ಟು ಅಂತ ನೋಡೋ ಮುಂಚೆ

ಸಮ್ಮರ್ ಇಂಟರ್ನ್‌ಶಿಪ್‌ಗೆ ಪ್ರೊಫೆಸರ್‌ಗಳಿಗೆ ಮೇಲ್ ಹಾಕೋ ಮುಂಚೆ ನಾವೆಲ್ಲ ಮಾಡೋ ಕೆಲಸ ಒಂದೇ: ಗೂಗಲ್ ಸ್ಕಾಲರ್ ತೆಗೆದು ಸೈಟೇಶನ್ ನೋಡೋದು. ಸಂಖ್ಯೆ ದೊಡ್ಡದಿದ್ರೆ ದೊಡ್ಡ ವಿಜ್ಞಾನಿ, ಚಿಕ್ಕದಿದ್ರೆ ಮುಂದಿನ ಹೆಸರು. ಆದರೆ ಆ ಸಂಖ್ಯೆ ನಿಜವಾಗಿ ಅಳೆಯೋದೇನನ್ನ? ಇದನ್ನು ತಿಳಿಯೋಕೆ ಆಕ್ಸೆಲ್ ಬೆಕೆ ಅನ್ನೋ ಸೈದ್ಧಾಂತಿಕ ರಸಾಯನಶಾಸ್ತ್ರಜ್ಞರ ಕೆಲಸವನ್ನು ನೋಡೋಣ. ಇವರು ಕೆನಡಾದಲ್ಲಿ ಮೊದಲು ಕ್ವೀನ್ಸ್, ಆಮೇಲೆ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು.

ಸಮಸ್ಯೆ ಏನಿತ್ತು?

ಕೆಮಿಸ್ಟ್ರಿ ಸೈಕಲ್‌ನಲ್ಲಿ ಶ್ರೋಡಿಂಗರ್ ಸಮೀಕರಣದ ಹೆಸರು ಕೇಳಿದ್ದೀವಿ. ಒಂದು ಎಲೆಕ್ಟ್ರಾನ್ ಎಲ್ಲಿದೆ ಅಂತ ಹೇಳೋಕೆ 3 ನಿರ್ದೇಶಾಂಕ ಬೇಕು. ನೀರಿನ ಅಣುವಿನಲ್ಲಿ 10 ಎಲೆಕ್ಟ್ರಾನ್, ಅಂದ್ರೆ 30 ಚರಗಳು. ಬೆಂಜೀನ್‌ನಲ್ಲಿ 42 ಎಲೆಕ್ಟ್ರಾನ್, 126 ಚರಗಳು. ಲೆಕ್ಕ ಕೈ ಮೀರಿ ಹೋಗುತ್ತೆ.

1964ರಲ್ಲಿ ಹೋಹೆನ್‌ಬರ್ಗ್ ಮತ್ತು ವಾಲ್ಟರ್ ಕೋನ್ ಒಂದು ದಾರಿ ತೋರಿಸಿದರು: ಪ್ರತಿ ಬಿಂದುವಿನಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಎಷ್ಟು ಅಂತ ಗೊತ್ತಿದ್ರೆ ಸಾಕು, ಅಣುವಿನ ಕನಿಷ್ಠ ಶಕ್ತಿ ಅದರಿಂದಲೇ ನಿರ್ಧಾರ ಆಗುತ್ತೆ. ಸಾಂದ್ರತೆಗೆ ಬೇಕಾದ ಚರಗಳು 3 ಮಾತ್ರ. 1965ರಲ್ಲಿ ಕೋನ್ ಮತ್ತು ಶಾಮ್ ಇದನ್ನು ಲೆಕ್ಕ ಮಾಡೋ ವಿಧಾನ ಕೊಟ್ಟರು. ಇದೇ ಡೆನ್ಸಿಟಿ ಫಂಕ್ಷನಲ್ ಥಿಯರಿ, ಅಂದ್ರೆ ಡಿಎಫ್‌ಟಿ. ಇದರಲ್ಲಿ ಒಂದು ತುಣುಕಿನ ಸರಿಯಾದ ಸೂತ್ರ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಹಾಕಿದ ಮೊದಲ ಅಂದಾಜು ಅಣುಗಳ ಬಂಧವನ್ನು ಇರೋದಕ್ಕಿಂತ ಗಟ್ಟಿಯಾಗಿ ತೋರಿಸ್ತಿತ್ತು.

ಬೆಕೆ ಮಾಡಿದ್ದೇನು?

ಆ ಅಂದಾಜನ್ನು ರಿಪೇರಿ ಮಾಡಿದ್ದು! 1988ರ ಪೇಪರ್‌ನಲ್ಲಿ ಸಾಂದ್ರತೆಯ ಜೊತೆಗೆ ಅದು ಎಷ್ಟು ಬೇಗ ಬದಲಾಗುತ್ತೆ ಅನ್ನೋದನ್ನೂ ಸೂತ್ರಕ್ಕೆ ಸೇರಿಸಿದರು. 1993ರಲ್ಲಿ ಹಳೇ ವಿಧಾನದ ಒಂದು ಭಾಗವನ್ನು ಬೆರೆಸಿ, ಮೂರು ಗುಣಾಂಕಗಳನ್ನು ಪ್ರಯೋಗದ ಫಲಿತಾಂಶಗಳಿಗೆ ಹೊಂದಿಸಿದರು. ಎರಡೂ ಪೇಪರ್‌ಗೆ ಅವರೊಬ್ಬರೇ ಲೇಖಕರು. ಈ ಬೆರಕೆಗೆ ಲೀ, ಯಾಂಗ್, ಪಾರ್ ಎಂಬ ಮೂವರು 1988ರಲ್ಲಿ ಕೊಟ್ಟ ಸೂತ್ರವನ್ನು ಬೇರೆಯವರು ಜೋಡಿಸಿದಾಗ ಬಿ3ಎಲ್‌ವೈಪಿ ಹುಟ್ಟಿತು. ಗಾಸಿಯನ್ ಸಾಫ್ಟ್‌ವೇರ್‌ನಲ್ಲಿ ಈ ಹೆಸರು ಟೈಪ್ ಮಾಡಿದ್ರೆ ಸಾಕು, ಯಾವ ರಸಾಯನಶಾಸ್ತ್ರಜ್ಞರು ಬೇಕಾದ್ರೂ ಲೆಕ್ಕ ಓಡಿಸಬಹುದು. ಓಡಿಸಿದವರು ತಮ್ಮ ಪೇಪರ್‌ನಲ್ಲಿ ಬೆಕೆ ಮತ್ತು ಆ ಮೂವರನ್ನು ಉಲ್ಲೇಖಿಸ್ತಾರೆ.

ಪಟ್ಟಿ ಹೇಳೋದೇನು?

2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ 100 ಪೇಪರ್‌ಗಳ ಪಟ್ಟಿ ಹಾಕಿತು. ಮೊದಲ ಸ್ಥಾನ 1951ರ ಒಂದು ಪೇಪರ್‌ಗೆ, 3 ಲಕ್ಷಕ್ಕೂ ಹೆಚ್ಚು ಉಲ್ಲೇಖ. ಅದರ ವಿಷಯ ಪ್ರೋಟೀನ್ ಪ್ರಮಾಣ ಅಳೆಯೋ ವಿಧಾನ, ಅಷ್ಟೇ. 7ನೇ ಸ್ಥಾನ ಲೀ-ಯಾಂಗ್-ಪಾರ್, 8ನೇ ಸ್ಥಾನ ಬೆಕೆಯವರ 1993ರ ಪೇಪರ್. ಎರಡಕ್ಕೂ 46 ಸಾವಿರ ದಾಟಿತ್ತು. ಡಿಎಫ್‌ಟಿಗೆ ಬುನಾದಿ ಹಾಕಿ, 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಕೋನ್ ಅವರ ಪೇಪರ್‌ಗಳು ಮೊದಲ ಹತ್ತರಲ್ಲಿ ಇಲ್ಲ!

ಅಂದ್ರೆ ಸೈಟೇಶನ್ ಮುಖ್ಯವಾಗಿ ಅಳೆಯೋದು ಬಳಕೆಯನ್ನ. ಎಲ್ಲರಿಗೂ ಬೇಕಾದ ಉಪಕರಣ ಮಾಡಿಕೊಟ್ಟವರಿಗೆ ಉಲ್ಲೇಖ ಜಾಸ್ತಿ. ಬುನಾದಿ ಪಠ್ಯಪುಸ್ತಕಕ್ಕೆ ಸೇರಿದ ಮೇಲೆ ಮೂಲ ಪೇಪರನ್ನು ಉಲ್ಲೇಖಿಸೋರು ಕಡಿಮೆ. ನಾವು ನ್ಯೂಟನ್ ನಿಯಮ ಬಳಸುವಾಗ ಅವರ ಪುಸ್ತಕವನ್ನು ಉಲ್ಲೇಖಿಸ್ತೀವಾ?

ಎಚ್-ಇಂಡೆಕ್ಸ್ ಲೆಕ್ಕ

2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಷ್ ಕೊಟ್ಟ ಅಳತೆ ಇದು. ಪೇಪರ್‌ಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ. ಕನಿಷ್ಠ ಎಚ್ ಉಲ್ಲೇಖ ಇರೋ ಎಚ್ ಪೇಪರ್‌ಗಳಿದ್ರೆ, ಹಾಗೆ ಸಿಗೋ ಅತಿ ದೊಡ್ಡ ಸಂಖ್ಯೆಯೇ ಎಚ್-ಇಂಡೆಕ್ಸ್. ಎರಡು ಕಾಲ್ಪನಿಕ ಉದಾಹರಣೆ ನೋಡಿ.

ಒಬ್ಬರಿಗೆ 25, 12, 7, 4, 3: ನಾಲ್ಕನೇ ಪೇಪರ್‌ಗೆ 4 ಇದೆ, ಐದನೆಯದಕ್ಕೆ 5 ಇಲ್ಲ. ಎಚ್ = 4.
ಇನ್ನೊಬ್ಬರಿಗೆ 3000, 900, 2, 1, 0: ಮೂರನೆಯದಕ್ಕೆ 3 ಇಲ್ಲ. ಎಚ್ = 2.

ಒಟ್ಟು ಉಲ್ಲೇಖ 51 ಇರೋರು 3903 ಇರೋರಿಗಿಂತ ಮೇಲೆ! ಒಂದೆರಡು ಪೇಪರ್‌ನಲ್ಲೇ ದೊಡ್ಡ ಕೆಲಸ ಮಾಡಿದವರು ಈ ಲೆಕ್ಕದಲ್ಲಿ ಚಿಕ್ಕವರಾಗಿ ಕಾಣ್ತಾರೆ.

ಹಾಗಾದ್ರೆ ನೋಡಬೇಕಾದ್ದೇನು?

ಸಂಖ್ಯೆ ನೋಡಬಾರದು ಅಂತಲ್ಲ. ಅದರ ಜೊತೆ ನಾಲ್ಕು ಪ್ರಶ್ನೆ ಕೇಳೋಣ. ಹೆಚ್ಚು ಉಲ್ಲೇಖ ಬಂದಿರೋ ಪೇಪರ್ ಹೊಸ ವಿಧಾನವೋ, ರಿವ್ಯೂವೋ, ಹೊಸ ಕಲ್ಪನೆಯೋ? ಲೇಖಕರು ಎಷ್ಟು ಜನ? ಆ ಕ್ಷೇತ್ರದಲ್ಲಿ ಕೆಲಸ ಮಾಡೋರು ಎಷ್ಟು? ಪೇಪರ್ ಬಂದು ಎಷ್ಟು ವರ್ಷ ಆಯ್ತು? ಹೋದ ವರ್ಷ ಬಂದ ಒಳ್ಳೇ ಪೇಪರ್‌ಗೆ ಉಲ್ಲೇಖ ಸೇರೋಕೆ ಸಮಯವೇ ಸಿಕ್ಕಿರಲ್ಲ.

ಆಮೇಲೆ ಆ ಪ್ರೊಫೆಸರ್‌ರ ಒಂದು ಪೇಪರ್‌ನ ಪೀಠಿಕೆಯನ್ನಾದ್ರೂ ಓದಿ, ಅರ್ಥವಾದ ಒಂದು ಮಾತನ್ನು ಮೇಲ್‌ನಲ್ಲಿ ಬರೆಯೋಣ. ಅಲ್ಲಿ ಎರಡು ತಿಂಗಳು ನಾವು ಮಾಡಬೇಕಾದ ಕೆಲಸ ಯಾವ ತರಹದ್ದು ಅಂತ ತಿಳಿಯೋದು ಆ ಪೀಠಿಕೆಯಿಂದ, ಪಕ್ಕದಲ್ಲಿರೋ ಸಂಖ್ಯೆಯಿಂದ ಅಲ್ಲ.