ಅಧ್ಯಯನ ಪಾಠ: ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ದೇಹದ ಉಷ್ಣಾಂಶ



ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಸಿಂಧನೂರು ಸೀಮೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ತಂಪಿನಿಂದ ಅಪಾಯವುಂಟೆಂದರೆ ನಂಬುವುದು ಕಷ್ಟ. ಆದರೆ ಅರಿವಳಿಕೆಯು ದೇಹದ ಉಷ್ಣ ನಿಯಂತ್ರಣ ಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತನಾಳಗಳು ಹಿಗ್ಗಿ ಒಡಲಿನ ಶಾಖವು ಕೈಕಾಲುಗಳತ್ತ ಹರಿಯುತ್ತದೆ. ಮೊದಲ ಗಂಟೆಯಲ್ಲಿಯೇ ಒಳ ಉಷ್ಣಾಂಶ 1ರಿಂದ 1.5 ಡಿಗ್ರಿಯಷ್ಟು ಇಳಿಯಬಹುದು. ಅದು 36 ಡಿಗ್ರಿಗಿಂತ ಕಡಿಮೆಯಾದಲ್ಲಿ ರಕ್ತಸ್ರಾವ ಹಾಗೂ ಗಾಯದ ಸೋಂಕು ಹೆಚ್ಚುವ ಸಂಭವವಿರುತ್ತದೆ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಚ್ಚಗಿಡಲಾದವರಲ್ಲಿ ಶೇ. 6, ಉಳಿದವರಲ್ಲಿ ಶೇ. 19ರಷ್ಟು ಮಂದಿಗೆ ಸೋಂಕು ತಗುಲಿತ್ತು.

ಅರಿವು ತಪ್ಪಿರುವ ರೋಗಿಯು ಚಳಿಯೆಂದು ಹೇಳಲಾರರು, ಅಳತೆಯೇ ಆಧಾರ. ದೇಹದೊಳಗೆ ನಳಿಕೆ ಇಳಿಸದೆ ಅಳೆಯಲು ಹಣೆಗೆ ಅಂಟಿಸುವ ಸಂವೇದಕ ಪಟ್ಟಿಗಳಿವೆ. ಇವು ಹಣೆಯಿಂದ ಶಾಖ ಹೊರಹೋಗದಂತೆ ತಡೆಯುವುದರಿಂದ ಆ ಭಾಗದ ಚರ್ಮವು ಒಳ ಉಷ್ಣಾಂಶವನ್ನು ಸಮೀಪಿಸುತ್ತದೆ. ದೂರದಿಂದ ಹಿಡಿಯುವ ಥರ್ಮಾಮೀಟರ್ ಹೊರಚರ್ಮದ ಶಾಖವನ್ನು ಆಧರಿಸುವುದರಿಂದ ಇದಕ್ಕೆ ಸಾಲದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು:

1. ಹೆರಿಗೆ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಗೆ ತೆರಳುವ ಕುಟುಂಬಗಳಿಗೆ ಬೇಸಿಗೆಯಲ್ಲೂ ಹೊದಿಕೆ ಒಯ್ಯಲು ತಿಳಿಸುವುದು.
2. ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ನಡುವೆ ಅರ್ಧ ಗಂಟೆಗೊಮ್ಮೆ ಉಷ್ಣಾಂಶ ದಾಖಲಿಸುವ ಅಗತ್ಯವನ್ನು, ಬೇಕಾದ ಉಪಕರಣಗಳ ಬೇಡಿಕೆಯನ್ನು ಆರೋಗ್ಯ ರಕ್ಷಾ ಸಮಿತಿಯ ಗಮನಕ್ಕೆ ತರುವುದು.