ಸವೆದ ಬೆಳ್ಳಿ ರೂಪಾಯಿಯ ಪಾಠ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆಗಳಲ್ಲಿ ಲಕ್ಷ್ಮೀಪೂಜೆಗೆಂದು ಇಟ್ಟ ಬೆಳ್ಳಿ ರೂಪಾಯಿಗಳು ದೊರೆಯುವುದುಂಟು. ಹೊಳಪು ಮಾಸದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವರು. ರಾಣಿಯ ಮುಖ ಸವೆದುಹೋದ ನಾಣ್ಯವಾದರೋ ಬೆಳ್ಳಿಯ ಬೆಲೆಗೆ ಮಾರಾಟವಾಗಿ, ಅನೇಕ ವೇಳೆ ಅಕ್ಕಸಾಲಿಗರ ಮೂಸೆಯನ್ನು ಸೇರುವುದು. ಆದರೆ ವಿದ್ಯಾರ್ಥಿಗಳಾದ ನಮಗೆ ಆ ಸವೆತವೇ ಬೇಕಾದುದು.

1835ರಲ್ಲಿ ಗೊತ್ತುಮಾಡಿದ ರೂಪಾಯಿಯ ತೂಕ 180 ಗ್ರೈನ್, ಎಂದರೆ 11.66 ಗ್ರಾಂ. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ. ನಮ್ಮ ನಾಣ್ಯವು 11.36 ಗ್ರಾಂ ತೂಗಿತೆನ್ನೋಣ. ಉಳಿದ 0.30 ಗ್ರಾಂ ಲೋಹ, ಎಂದರೆ ನೂರಕ್ಕೆ ಸುಮಾರು 2.6 ಪಾಲು, ಜನರ ಕೈಗಳಲ್ಲಿಯೂ ಸಂತೆಯ ಚೀಲಗಳಲ್ಲಿಯೂ ತೇದುಹೋಗಿದೆ. ನೂರಕ್ಕೆ 2ಕ್ಕಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿಯು 1906ರ ನಾಣ್ಯ ಕಾಯಿದೆಯಂತೆ ಚಲಾವಣೆಗೆ ಅರ್ಹವಾಗಿರಲಿಲ್ಲ.

ವರ್ಷಕ್ಕೆ ಇಷ್ಟು ಸವೆತವೆಂದು ಲೆಕ್ಕ ಹಾಕುವಾಗ ಎಚ್ಚರವಿರಬೇಕು. 1862 ಎಂದು ಮುದ್ರಿತವಾದ ರೂಪಾಯಿಗಳನ್ನು 1874ರವರೆಗೂ ಟಂಕಿಸಿದರು.

ಬೆಳ್ಳಿಯನ್ನು ಪರೀಕ್ಷಿಸಲು ಆರ್ಕಿಮಿಡೀಸನ ತತ್ತ್ವವೇ ಸಾಕು. ನಾಣ್ಯವನ್ನು ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗೋಣ. ತೂಕವು 1.10 ಗ್ರಾಂ ಕಡಮೆಯಾದರೆ, 11.36ನ್ನು 1.10ರಿಂದ ಭಾಗಿಸಿದಾಗ ಸಾಪೇಕ್ಷ ಸಾಂದ್ರತೆ 10.3 ಬರುವುದು. 1940ರಲ್ಲಿ ಬಂದ ಅರೆಬೆಳ್ಳಿಯ ರೂಪಾಯಿಗಾದರೆ ಅದು ಸುಮಾರು 9.5. ಹೆಸರಿನಲ್ಲಿ ಮಾತ್ರ ಬೆಳ್ಳಿಯುಳ್ಳ ಜರ್ಮನ್ ಸಿಲ್ವರ್ 9ನ್ನೂ ಮುಟ್ಟದು.

ನಾಣ್ಯವನ್ನು ವಿಭೂತಿ ಹಾಕಿ ಉಜ್ಜಬಾರದು. ಉಜ್ಜಿದರೆ ಹಳೆಯ ಸವೆತಕ್ಕೆ ನಮ್ಮದನ್ನೂ ಸೇರಿಸಿದಂತಾಗುವುದು. ಮನೆಯ ನಾಣ್ಯವನ್ನು ಕರಗಿಸಲು ಕೊಡುವ ಮೊದಲು ಅದರ ಇಸವಿ, ತೂಕ, ಸಾಂದ್ರತೆಗಳನ್ನಾದರೂ ಬರೆದಿಡೋಣ. ಮೂಸೆಗೆ ಬಿದ್ದ ಮೇಲೆ ಆ ಲೆಕ್ಕವನ್ನು ಯಾರೂ ಮರಳಿ ಪಡೆಯಲಾರರು.