ಟಿ.ವಿ. ಅಡುಗೆ, ನಮ್ಮ ಅಳತೆ



ನಾವು ಅಕ್ಷರ ಕಲಿತೆವು. ಒತ್ತಕ್ಷರ ಕಲಿತೆವು. ಲೆಕ್ಕವನ್ನೂ ಕಲಿತೆವು. ಈಗ ಇವನ್ನು ದಿನಾ ಬಳಸಬೇಕು. ಬಳಸದ ಕುಡುಗೋಲು ತುಕ್ಕು ಹಿಡಿಯುತ್ತದೆ. ಬಳಸದ ಅಕ್ಷರ ಮರೆತು ಹೋಗುತ್ತದೆ.

ಇವತ್ತಿನ ಪಾಠ ಟಿ.ವಿ.ಯಲ್ಲಿ ಬರುವ ಅಡುಗೆ ಕಾರ್ಯಕ್ರಮದ ಬಗ್ಗೆ. "ನಮಗೇನು ಅಡುಗೆ ಬರಲ್ವಾ?" ಅಂತ ನಗಬೇಡಿ. ಮೊದಲು ಒಂದು ಕಥೆ ಓದಿ.

ಉಪ್ಪಿನ ಕಥೆ

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಒಬ್ಬ ಅಕ್ಕ. ಮನೆಗೆ ಹೊಸದಾಗಿ ಟಿ.ವಿ. ಬಂತು. ಮಧ್ಯಾಹ್ನ ಅಡುಗೆ ಕಾರ್ಯಕ್ರಮ ನೋಡಿದರು. ತರಕಾರಿ ಪಲಾವ್ ತೋರಿಸಿದರು. "ಒಂದು ಚಮಚ ಉಪ್ಪು ಹಾಕಿ" ಎಂದರು. ಸಂಜೆ ಅಕ್ಕ ಅರ್ಧ ಕಿಲೋ ಅಕ್ಕಿ ತೊಳೆದು ಪಲಾವ್ ಮಾಡಿದರು. ಮನೆಯಲ್ಲಿದ್ದ ಅನ್ನ ಬಡಿಸುವ ಚಮಚದಲ್ಲಿ ಉಪ್ಪು ಹಾಕಿದರು. ಬಾಯಿಗೆ ಇಡೋಕೆ ಆಗಲಿಲ್ಲ. ಅಕ್ಕಿ, ತರಕಾರಿ, ಎಣ್ಣೆ ಎಲ್ಲ ಹಾಳಾಯಿತು.

ಮಾರನೇ ದಿನ ಅಕ್ಕ ಕಲಿಕಾ ಕೇಂದ್ರಕ್ಕೆ ಬಂದರು.

"ಮೇಡಂ, ಮೂವತ್ತು ವರ್ಷದಿಂದ ಒಲೆ ಮುಂದೆ ಇದೀನಿ. ಒಂದಿನಾನೂ ಉಪ್ಪು ಜಾಸ್ತಿ ಆಗಿರ್ಲಿಲ್ಲ. ಮನೇಲಿ ಎಲ್ಲ ನಕ್ಬಿಟ್ರು."

"ಅಕ್ಕ, ತಪ್ಪು ನಿಮ್ಮ ಕೈಯದ್ದಲ್ಲ. ಅಳತೆಯದ್ದು. ಅವರ ಚಮಚ ಬೇರೆ, ನಿಮ್ಮ ಚಮಚ ಬೇರೆ."

"ಮತ್ತೆ ಟಿ.ವಿ. ನೋಡೋದು ಬೇಡ ಅಂತೀರಾ?"

"ನೋಡಿ ಅಕ್ಕ. ಆದರೆ ಕೈಯಲ್ಲಿ ಪುಸ್ತಕ, ಪೆನ್ಸಿಲ್ ಇರಲಿ."

ಚಮಚದ ಲೆಕ್ಕ

ಟಿ.ವಿ.ಯಲ್ಲಿ ಎರಡು ಚಮಚದ ಹೆಸರು ಹೇಳುತ್ತಾರೆ. ಟೀ ಚಮಚ ಚಿಕ್ಕದು. ಅದು 5 ಮಿಲಿ ಲೀಟರ್ ಹಿಡಿಯುತ್ತದೆ. ಟೇಬಲ್ ಚಮಚ ದೊಡ್ಡದು. ಅದು 15 ಮಿಲಿ ಲೀಟರ್ ಹಿಡಿಯುತ್ತದೆ. ಮೂರು ಟೀ ಚಮಚ ಸೇರಿದರೆ ಒಂದು ಟೇಬಲ್ ಚಮಚ. ಕೆಮ್ಮಿನ ಔಷಧಿ ಬಾಟಲಿಯ ಜೊತೆ ಚಿಕ್ಕ ಮುಚ್ಚಳ ಬರುತ್ತದೆ. ಅದರ ಮೇಲೆ 5, 10 ಎಂದು ಗೆರೆ ಇರುತ್ತದೆ. ಅದರಲ್ಲಿ ನೀರು ಅಳೆದು ನಿಮ್ಮ ಮನೆಯ ಚಮಚಕ್ಕೆ ಸುರಿಯಿರಿ. ನಿಮ್ಮ ಚಮಚ ಯಾವುದು ಎಂದು ಗೊತ್ತಾಗುತ್ತದೆ.

ದೊಡ್ಡವರೊಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪು ಹೆಚ್ಚಾದರೆ ರಕ್ತದ ಒತ್ತಡ ಏರುತ್ತದೆ.

ಯಾವ ಕಾರ್ಯಕ್ರಮ ನೋಡೋಣ?

ಹೊಸದಾಗಿ ನೋಡುವವರು ಕನ್ನಡದ ಕಾರ್ಯಕ್ರಮದಿಂದ ಶುರು ಮಾಡಿ. ಜೀ ಕನ್ನಡ ವಾಹಿನಿಯ 'ಒಗ್ಗರಣೆ ಡಬ್ಬಿ' ಬಹಳ ಮನೆಗಳಿಗೆ ಗೊತ್ತು. ಮುರಳಿ ಅವರು ಅದನ್ನು ನಡೆಸಿಕೊಟ್ಟರು. ಸುವರ್ಣ ವಾಹಿನಿಯ 'ಬೊಂಬಾಟ್ ಭೋಜನ'ವನ್ನು ಸಿಹಿ ಕಹಿ ಚಂದ್ರು ಅವರು ನಡೆಸಿಕೊಟ್ಟರು. 'ಸಿಹಿ ಕಹಿ' ಎಂಬುದು 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಅದರಿಂದಲೇ ಅವರಿಗೆ ಆ ಹೆಸರು ಬಂತು. ಅಡುಗೆ ಮಾಡುವ ಗಂಡಸರನ್ನು ಮನೆಯ ಗಂಡಸರಿಗೂ ತೋರಿಸಿ. ಒಲೆ ಮುಂದೆ ನಿಲ್ಲೋದು ಹೆಂಗಸರ ಕೆಲಸ ಮಾತ್ರ ಅಲ್ಲ ಅಂತ ಅವರಿಗೂ ಗೊತ್ತಾಗಲಿ.

ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರು ತೆಲುಗಿನ ಅಡುಗೆ ಕಾರ್ಯಕ್ರಮ ನೋಡಿ, ಕನ್ನಡದಲ್ಲಿ ಬರೆದುಕೊಳ್ಳಬಹುದು. ಎರಡು ಭಾಷೆ ಬಲ್ಲವರಿಗೆ ಎರಡು ಪಟ್ಟು ಲಾಭ.

ಮೊಬೈಲಿನಲ್ಲಿ ನೋಡುವುದಾದರೆ ಇನ್ನೂ ಅನುಕೂಲ. ಬೇಕಾದ ಕಡೆ ನಿಲ್ಲಿಸಿ, ಬರೆದುಕೊಂಡು, ಮುಂದೆ ಹೋಗಬಹುದು.

ಒಳ್ಳೆಯ ಕಾರ್ಯಕ್ರಮ ಗುರುತಿಸುವುದು ಹೇಗೆ? ಅಳತೆಯನ್ನು ಸರಿಯಾಗಿ ಹೇಳಬೇಕು. ಎಷ್ಟು ಹೊತ್ತು ಬೇಯಿಸಬೇಕು ಎಂದು ಹೇಳಬೇಕು. ನಮ್ಮ ಊರಿನ ಅಂಗಡಿಯಲ್ಲಿ, ಸಂತೆಯಲ್ಲಿ ಸಿಗುವ ಸಾಮಾನು ಬಳಸಬೇಕು.

ಟಿ.ವಿ. ತೋರಿಸದ ಸಂಗತಿ

ಟಿ.ವಿ.ಯಲ್ಲಿ ಅರ್ಧ ಗಂಟೆಯೊಳಗೆ ಎರಡು ಮೂರು ಅಡುಗೆ ಮುಗಿಯುತ್ತದೆ. ನಮಗೆ ಯಾಕೆ ಆಗಲ್ಲ? ಅಲ್ಲಿ ತರಕಾರಿ ಮೊದಲೇ ಹೆಚ್ಚಿಟ್ಟಿರುತ್ತಾರೆ. ಕಾಳು ಮೊದಲೇ ನೆನೆಸಿರುತ್ತಾರೆ. ಬೆಂದ ಪಾತ್ರೆ ಪಕ್ಕದಲ್ಲಿ ಸಿದ್ಧ ಇರುತ್ತದೆ. ನೀರು ಸೇದುವುದು, ಪಾತ್ರೆ ತೊಳೆಯುವುದು ಕಾಣುವುದಿಲ್ಲ. ಹಾಗಾಗಿ ನಿಮಗೆ ತಡವಾದರೆ ಬೇಸರ ಬೇಡ.

ನಡುವೆ ಜಾಹೀರಾತು ಬರುತ್ತದೆ. ಕೆಲವೊಮ್ಮೆ ಅಡುಗೆಯ ಒಳಗೇ ಬರುತ್ತದೆ. "ಇದೇ ಪುಡಿ ಹಾಕಿ, ಇದೇ ಎಣ್ಣೆ ಹಾಕಿ" ಎನ್ನುತ್ತಾರೆ. ಆ ಕಂಪನಿ ಕಾರ್ಯಕ್ರಮಕ್ಕೆ ಹಣ ಕೊಟ್ಟಿರುತ್ತದೆ. ನಿಮ್ಮ ಮನೆಯ ಸಾರಿನ ಪುಡಿ ಇದ್ದರೆ ಅದೇ ಸಾಕು. ಪೊಟ್ಟಣ ಕೊಳ್ಳಲೇಬೇಕಾದರೆ ಓದಿ ಕೊಳ್ಳಿ. ತೂಕ, ಬೆಲೆ, ತಯಾರಾದ ದಿನ, ಬಳಸಬಹುದಾದ ಕೊನೆಯ ದಿನ ನೋಡಿ. ಇಂಗ್ಲಿಷ್ ಬಾರದಿದ್ದರೂ ಅಂಕಿಗಳನ್ನು ನೀವು ಓದಬಲ್ಲಿರಿ.

ನಮ್ಮ ಹೊಲದ ಸಾಮಾನು

ಟಿ.ವಿ.ಯಲ್ಲಿ ಗೋಡಂಬಿ ಅರೆದು ಹಾಕಿ ಎನ್ನುತ್ತಾರೆ. ಗೋಡಂಬಿ ದುಬಾರಿ. ಶಿರಾ, ಪಾವಗಡದ ಹೊಲಗಳಲ್ಲಿ ಕಡ್ಲೆಕಾಯಿ ಬೆಳೆಯುತ್ತಾರೆ. ಹುರಿದ ಕಡ್ಲೆಬೀಜ ಅರೆದು ಹಾಕಿ. 100 ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಗೋಡಂಬಿಯಲ್ಲಿ ಅದಕ್ಕಿಂತ ಕಡಿಮೆ.

ಬಿಳಿ ಅನ್ನದ ತಿಂಡಿ ನೋಡಿ ಮುದ್ದೆಯನ್ನು ಕೀಳು ಎನ್ನಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿ ಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಅದು ಮೂಳೆಗೆ ಬಲ. ಬಿಳಿ ಅಕ್ಕಿಯಲ್ಲಿ ಅದು 10 ಮಿಲಿ ಗ್ರಾಂ ಆಸುಪಾಸು. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ನಮ್ಮ ಅಜ್ಜಿಯರು ತಿಂದ ರಾಗಿ, ಸಾಮೆ, ನವಣೆಗೆ ಜಗತ್ತೇ ಮರ್ಯಾದೆ ಕೊಟ್ಟಿತು.

ಅಕ್ಕನ ಪುಟ

ಉಪ್ಪಿನ ಅಕ್ಕ ಒಂದು ವಾರ ಪುಸ್ತಕ ಹಿಡಿದು ಟಿ.ವಿ. ನೋಡಿದರು. ಮೂರು ಅಡುಗೆ ಬರೆದರು. ಆಮೇಲೆ ಕೇಳಿದರು:

"ಮೇಡಂ, ನನ್ನ ಮಸ್ಸೊಪ್ಪನ್ನ ಟಿ.ವಿ.ಯಲ್ಲಿ ಯಾರೂ ತೋರಿಸ್ಲಿಲ್ಲ."

"ನೀವೇ ಬರೀರಿ ಅಕ್ಕ."

"ನಾನಾ? ನನಗೆ ಅಳತೇನೇ ಗೊತ್ತಿಲ್ಲ. ಕೈ ಅಳತೆ."

"ಒಂದು ಸಲ ಅಳೆದು ಹಾಕಿ. ಬರೆದಿಡಿ."

ಅಕ್ಕ ಅಳೆದರು. ಹೀಗೆ ಬರೆದರು:

ಮಸ್ಸೊಪ್ಪು. ಐದು ಜನಕ್ಕೆ.
ತೊಗರಿಬೇಳೆ 1 ಲೋಟ. ಸೊಪ್ಪು 2 ಕಟ್ಟು. ಹಸಿಮೆಣಸಿನಕಾಯಿ 6. ಈರುಳ್ಳಿ 1. ಟೊಮ್ಯಾಟೊ 2. ಹುಣಸೆಹಣ್ಣು ಗೋಲಿ ಗಾತ್ರ. ಉಪ್ಪು ಒಂದೂವರೆ ಟೀ ಚಮಚ.
ಬೇಳೆ ಅರ್ಧ ಬೆಂದ ಮೇಲೆ ಉಳಿದದ್ದು ಹಾಕು. ಎಲ್ಲ ಬೆಂದ ಮೇಲೆ ಕಟ್ಟು ಬಸಿ. ಕಡಗೋಲಿನಲ್ಲಿ ಮಸೆ. ಬಸಿದ ಕಟ್ಟು ಚೆಲ್ಲಬೇಡ, ವಾಪಸ್ಸು ಹಾಕು. ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಕೊಡು.

ಅಕ್ಕನ ಮಗಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಬಸುರಿ. ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತಗೊಂಡು ಸೊಪ್ಪು ತಿನ್ನು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಆ ಪುಟದ ಫೋಟೋ ತೆಗೆಸಿ ಮಗಳ ಮೊಬೈಲಿಗೆ ಕಳಿಸಿದರು. ಕೆಳಗೆ ಒಂದು ಸಾಲು ಸೇರಿಸಿದ್ದರು: "ತಿನ್ನುವಾಗ ನಿಂಬೆಹಣ್ಣು ಹಿಂಡಿಕೋ. ಊಟದ ಜೊತೆ ಟೀ ಕುಡೀಬೇಡ."

ಇದು ಅವರು ಪಾಠದಲ್ಲಿ ಕಲಿತ ಮಾತು. ನಿಂಬೆಯ ಹುಳಿಯಲ್ಲಿ ಸಿ ಜೀವಸತ್ವ ಇದೆ. ಸೊಪ್ಪಿನ ಕಬ್ಬಿಣದ ಅಂಶವನ್ನು ಮೈಗೆ ಹಿಡಿಸಲು ಅದು ಸಹಾಯ ಮಾಡುತ್ತದೆ. ಟೀ ಅದನ್ನು ತಡೆಯುತ್ತದೆ.

ರಾತ್ರಿ ಮಗಳ ಫೋನ್ ಬಂತು. "ಅಮ್ಮ, ಇದು ನೀನೇ ಬರೆದಿದ್ದಾ? ನಿನ್ನ ಕೈ ರುಚಿನೇ ಬಂತು."

ಅಕ್ಕ ಮಾರನೇ ದಿನ ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಬಂದಿದ್ದರು.

ತಿಳಿದಿರಲಿ

1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ನಮ್ಮ ರಾಜ್ಯದ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಊರವರೆಲ್ಲ ಒಂದೇ ಟಿ.ವಿ. ಮುಂದೆ ಕೂತು ಬೇಸಾಯ, ಆರೋಗ್ಯದ ಮಾತು ಕೇಳಿದರು. ಹೀಗೆ ಟಿ.ವಿ. ನಮ್ಮ ಹಳ್ಳಿಗಳಿಗೆ ಪಾಠ ಹೇಳಲು ಬಂತು.
1993ರಲ್ಲಿ ಹಿಂದಿಯ 'ಖಾನಾ ಖಜಾನಾ' ಶುರುವಾಯಿತು. ಅದನ್ನು ನಡೆಸಿಕೊಟ್ಟ ಸಂಜೀವ್ ಕಪೂರ್ ದೇಶಕ್ಕೆಲ್ಲ ಗೊತ್ತಾದರು.

ಹೇಳಿ

1. ಅಕ್ಕನ ಪಲಾವ್ ಯಾಕೆ ಕೆಟ್ಟಿತು?
2. ಎರಡು ಟೇಬಲ್ ಚಮಚಕ್ಕೆ ಎಷ್ಟು ಟೀ ಚಮಚ?
3. ಪೊಟ್ಟಣದ ಮೇಲೆ ಏನೇನು ಓದಬೇಕು?

ಬರೆಯಿರಿ

ಈ ವಾರ ಒಂದು ಅಡುಗೆ ಕಾರ್ಯಕ್ರಮ ನೋಡಿ. ಐದು ವಿಷಯ ಬರೆಯಿರಿ: ಅಡುಗೆಯ ಹೆಸರು, ಸಾಮಾನು, ಅಳತೆ, ಬೇಯುವ ಹೊತ್ತು, ಮಾಡುವ ಕ್ರಮ. ಪಕ್ಕದ ಪುಟದಲ್ಲಿ ನಿಮ್ಮ ಮನೆಯ ಒಂದು ಅಡುಗೆ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಲು ಮರೆಯಬೇಡಿ.